ಬಾಲದ ‘ಳು’ ಹಾಕಿದ್ದೆ, ಫಾಂಟ್ ಬದಲಿಸಿದ ಕೂಡಲೇ ಎಲ್ಲ ಹೋಯಿತು: ಅಕ್ಷರದ ಬದಲಿ ರೂಪಗಳನ್ನು ಇನ್‌ಡಿಸೈನ್‌ನಲ್ಲಿ ಸರಿಯಾಗಿ ಹಾಕೋದು ಹೇಗೆ?

ಜಗತ್ ಸರ್ಕಲ್ ಡಿಟಿಪಿ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ಕಲಬುರಗಿಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಶಾಲೆಯ ಪ್ರಶ್ನೆಪತ್ರಿಕೆ, ಇವೇ ಜಾಸ್ತಿ. ಈ ಸಲ ಒಂದು ಪುಸ್ತಕ ಬಂದಿದೆ. ಜೇವರ್ಗಿ ಕಡೆಯ ಒಂದು ಭಜನಾ ಮಂಡಳಿಯವರು ತಾವು ಹಾಡುವ ತತ್ವಪದಗಳನ್ನು 96 ಪುಟದ ಪುಸ್ತಕ ಮಾಡಿಸುತ್ತಿದ್ದಾರೆ. ಪದಗಳೆಲ್ಲ ಒಬ್ಬ ಹಿರಿಯರ ಕೈಬರಹದ ನೋಟ್‌ಬುಕ್‌ನಲ್ಲಿವೆ. ಅವರು ಈಗಿಲ್ಲ. ನೋಟ್‌ಬುಕ್ ಕೊಡುವಾಗ ಅವರ ಮಗ ಒಂದೇ ಮಾತು ಹೇಳಿದರು: ‘ಅಣ್ಣಾ, ಪದದ ಹೆಸರಾದ್ರೂ ನಮ್ಮಪ್ಪನ ಅಕ್ಷರದಂಗ ಕಾಣಬೇಕು ನೋಡ್ರಿ.’

ಆ ಅಕ್ಷರ ಹೇಗಿದೆ ಅಂದರೆ, ಹೆಸರಿನ ಕೊನೆಗೆ ‘ಳು’ ಅಥವಾ ‘ರು’ ಬಂದರೆ ಕೊಂಬನ್ನು ಬಲಕ್ಕೆ ಎಳೆದು, ಕೆಳಗೆ ಇಳಿಸಿ, ಮತ್ತೆ ಎಡಕ್ಕೆ ಅರ್ಧ ಪದದಷ್ಟು ದೂರ ತಂದು ಬಿಟ್ಟಿದ್ದಾರೆ. ನೋಡಿದರೆ ಹಾಡಿನ ಕೊನೆಗೆ ದನಿ ಎಳೆದ ಹಾಗಿದೆ. ಇನ್ನೊಂದು, ಅವರು ಅರ್ಕಾವೊತ್ತು ಹಾಕೋದೇ ಇಲ್ಲ. ರ ಪೂರ್ತಿ ಬರೆದು ಅದರ ಕೆಳಗೆ ಒತ್ತು ಕೊಡುತ್ತಾರೆ: ಧರ‍್ಮ, ಕರ‍್ಮ, ಸೂರ‍್ಯ.

ಕೈಬರಹದ ಧಾಟಿಯ ಒಂದು ಯುನಿಕೋಡ್ ಫಾಂಟನ್ನು ರೊಕ್ಕ ಕೊಟ್ಟು ತಗೊಂಡೆ. ಅದರಲ್ಲಿ ಬಾಲದ ರೂಪಗಳಿವೆ. ಪುಟ ಕಟ್ಟುವ ಇನ್‌ಡಿಸೈನ್ ಸಾಫ್ಟ್‌ವೇರ್‌ನ ಗ್ಲಿಫ್ಸ್ ಪ್ಯಾನೆಲ್ (ಫಾಂಟಿನ ಎಲ್ಲ ರೂಪ ತೋರಿಸುವ ಕಿಟಕಿ) ತೆಗೆದು, ಒಂದೊಂದೇ ರೂಪದ ಮೇಲೆ ಎರಡು ಸಲ ಕ್ಲಿಕ್ ಮಾಡಿ, 74 ಪದಗಳ ಹೆಸರಲ್ಲಿ ಎಲ್ಲೆಲ್ಲಿ ಬೇಕೋ ಅಲ್ಲಲ್ಲಿ ಕೂರಿಸಿದೆ. ಎರಡು ದಿನ ಹಿಡಿಯಿತು. ಆಮೇಲೆ ಮಂಡಳಿಯವರು ಬಂದು ‘ಹೆಸರು ಸ್ವಲ್ಪ ದಪ್ಪ ಇರಲಿ’ ಅಂದರು. ಅದೇ ಫಾಂಟಿನ ದಪ್ಪ ತೂಕದಲ್ಲಿ ಬಾಲ ಇರಲಿಲ್ಲ ಅಂತ ಕಾಣುತ್ತದೆ. ಎಲ್ಲ ಸಾದಾ ರೂಪಕ್ಕೆ ಮರಳಿತು, ಮೂರು ನಾಲ್ಕು ಕಡೆ ಗುಲಾಬಿ ಬಣ್ಣದ ಡಬ್ಬಿ ಬಂತು. ತೆಳು ತೂಕಕ್ಕೆ ಹಿಂದಕ್ಕೆ ಬಂದರೂ ಆ ಡಬ್ಬಿಗಳು ಸರಿಯಾಗಲಿಲ್ಲ. ಸಾಲದ್ದಕ್ಕೆ ಒಂದು ಕಡೆ ಕೊಂಬು ಮಾತ್ರ ಸೆಲೆಕ್ಟ್ ಆಗಿ, ಳ ಬೇರೆ, ಚುಕ್ಕಿ ಚುಕ್ಕಿ ಸೊನ್ನೆಯ ಮೇಲೆ ಕೊಂಬು ಬೇರೆ ನಿಂತಿದೆ.

ಇದನ್ನು ಮಾಡುವ ಸರಿಯಾದ ದಾರಿ ಯಾವುದು? ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ.

ಬೀದರ್ ಪ್ರೂಫ್

ಅಣ್ಣಾ, ಮೊದಲು ಒಂದು ಸಮಾಧಾನ. ನಿಮ್ಮ ಪಠ್ಯ ಹೋಗಿಲ್ಲ. ಡಬ್ಬಿ ಬಂದ ಮೂರು ನಾಲ್ಕು ಕಡೆ ಬಿಟ್ಟರೆ ಉಳಿದ ಕಡೆ ‘ಳು’ ಹಾಗೆಯೇ ಇದೆ, ರೂಪ ಮಾತ್ರ ಹೋಗಿದೆ.

ಇದು ಯಾಕೆ ಹೀಗೆ ಅನ್ನೋದು ತಿಳಿದರೆ ಮುಂದಿನ ಕೆಲಸ ಸುಲಭ. ನಾವೆಲ್ಲ ಪೇಜ್‌ಮೇಕರ್‌ನಲ್ಲಿ ನುಡಿ, ಬರಹ, ಶ್ರೀಲಿಪಿಯ ಹಳೆ ಫಾಂಟ್ ಇಟ್ಟುಕೊಂಡು ಕೈ ಪಳಗಿಸಿಕೊಂಡವರು. ಅಲ್ಲಿ ಅಕ್ಷರವೂ ರೂಪವೂ ಒಂದೇ ಆಗಿತ್ತು. ಮ ಒತ್ತಿಗೆ ಒಂದು ಮನೆ, ಕೊಂಬಿಗೆ ಒಂದು ಮನೆ, ಬಾಲ ಬೇಕಾದರೆ ಬೇರೆ ಫಾಂಟಿನ ಇನ್ನೊಂದು ಮನೆ. ಕಂಪ್ಯೂಟರ್‌ಗೆ ಅದು ಕನ್ನಡ ಅಂತಲೂ ಗೊತ್ತಿರಲಿಲ್ಲ.

ಯುನಿಕೋಡ್‌ನಲ್ಲಿ (ಒಂದೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಕ್ರಮ ಅದು) ಮ ಒತ್ತಿಗೆ ಬೇರೆ ಸಂಖ್ಯೆಯೇ ಇಲ್ಲ. ‘ಮ್ಮ’ ಅಂದರೆ ಮ, ಆಮೇಲೆ ಹಲಂತದ ಗುರುತು, ಆಮೇಲೆ ಇನ್ನೊಂದು ಮ. ಮೂರೇ ಮೂರು. ಎರಡನೇ ಮ ತೆಗೆದು ಆ ಜಾಗದಲ್ಲಿ ಒತ್ತಿನ ರೂಪ ಕೂರಿಸೋದು ಫಾಂಟ್ ಒಳಗಿನ ಒಂದು ಪಟ್ಟಿ. ಅದರ ಹೆಸರು ಜಿಎಸ್‌ಯುಬಿ. ಮೈಕ್ರೋಸಾಫ್ಟ್ ಮತ್ತು ಅಡೋಬಿ 1996ರಲ್ಲಿ ಓಪನ್‌ಟೈಪ್ ಅನ್ನೋ ಫಾಂಟ್ ಮಾದರಿ ಪ್ರಕಟಿಸಿದವಲ್ಲ, ಈ ಪಟ್ಟಿ ಅದರ ಭಾಗ. ನೀವು ಕೇಳುತ್ತಿರುವ ಬಾಲದ ‘ಳು’ ಕೂಡ ಇದೇ ಪಟ್ಟಿಯ ಇನ್ನೊಂದು ಸಾಲು. ಒತ್ತು ತಾನಾಗಿ ಬರುತ್ತದೆ. ಬಾಲ ನಾವು ಕೇಳಿದರೆ ಮಾತ್ರ ಬರುತ್ತದೆ. ಅಷ್ಟೇ ವ್ಯತ್ಯಾಸ.

ಕೇಳುವುದಕ್ಕೆ ಎರಡು ದಾರಿ. ಒಂದು, ‘ಈ ಜಾಗದಲ್ಲಿ ಈ ಫಾಂಟಿನ ಇಂಥ ಚಿತ್ರ ಇಡು’ ಅನ್ನೋದು. ಗ್ಲಿಫ್ಸ್ ಪ್ಯಾನೆಲ್‌ನಿಂದ ಕೂರಿಸಿದ ಕೆಲವು ರೂಪ ಹಾಗೇ ಆಗುತ್ತವೆ. ಯಾವ ಫೀಚರ್‌ಗೂ (ಫಾಂಟ್ ಒಳಗಿನ ಹೆಸರಿಟ್ಟ ಸೌಲಭ್ಯಕ್ಕೂ) ಸೇರದ, ಯುನಿಕೋಡ್ ಸಂಖ್ಯೆಯೂ ಇಲ್ಲದ ರೂಪ ಆದರೆ ಇನ್‌ಡಿಸೈನ್ ಆ ಚಿತ್ರದ ಕ್ರಮಸಂಖ್ಯೆಯನ್ನೇ ಹಿಡಿದುಕೊಳ್ಳುತ್ತದೆ. ಫಾಂಟ್ ಬದಲಾದರೆ ಆ ಸಂಖ್ಯೆಗೆ ಅರ್ಥವಿಲ್ಲ. ನಿಮ್ಮ ಗುಲಾಬಿ ಡಬ್ಬಿ ಅದೇ. ಇನ್ನೊಂದು ದಾರಿ, ‘ಇಲ್ಲಿ ಳು ಇದೆ, ಅದಕ್ಕೆ ಮೊದಲನೇ ಸೆಟ್ಟಿನ (ಬದಲಿ ರೂಪಗಳ ಗುಂಪಿನ) ರೂಪ ಹಾಕು’ ಅನ್ನೋದು. ಎರಡನೆಯದನ್ನೇ ಹಿಡಿಯಿರಿ. ಪುಸ್ತಕದ ಕೆಲಸಕ್ಕೆ ಮೊದಲನೇ ದಾರಿ ಬೇಡವೇ ಬೇಡ.

ಆಳಂದ ಅಕ್ಷರ

ಬೀದರ್ ಅಣ್ಣ ಹೇಳಿದ್ದನ್ನು ಕೈಯಲ್ಲಿ ಮಾಡೋದು ಹೀಗೆ. ನಾನು ಸ್ಮರಣ ಸಂಚಿಕೆಗಳಿಗೆ ಇದೇ ರೀತಿ ಮಾಡುತ್ತೇನೆ.

ಮೊದಲು ಪ್ಯಾರಾಗ್ರಾಫ್ ಪ್ಯಾನೆಲ್‌ನ ಮೂಲೆಯ ಮೆನು ತೆಗೆಯಿರಿ. ಅಲ್ಲಿ ‘ಅಡೋಬಿ ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್’ ಆಯ್ಕೆ ಆಗಿದೆಯಾ ನೋಡಿ. ಇದು ಇಲ್ಲದಿದ್ದರೆ ಕನ್ನಡದ ಒತ್ತೇ ಸರಿ ಬರಲ್ಲ, ಬಾಲದ ಮಾತು ದೂರ ಉಳಿಯಿತು. ಇದನ್ನು ಒಂದೊಂದು ಪ್ಯಾರಾಕ್ಕೆ ಹಾಕುತ್ತಾ ಕೂರಬೇಡಿ. ಒಮ್ಮೆ ಹೊಂದಿಸಿ ಎಲ್ಲ ಪ್ಯಾರಾಕ್ಕೂ ಹಾಕಬಹುದಾದ ಪ್ಯಾರಾಗ್ರಾಫ್ ಸ್ಟೈಲ್‌ನ ಜಸ್ಟಿಫಿಕೇಶನ್ ಭಾಗದಲ್ಲಿಯೇ ಇಟ್ಟುಬಿಡಿ.

ಆಮೇಲೆ ಹೆಸರಿನ ಕೊನೆಯ ಒಂದು ‘ಳು’ ಸೆಲೆಕ್ಟ್ ಮಾಡಿ ಕ್ಯಾರೆಕ್ಟರ್ ಪ್ಯಾನೆಲ್‌ನ ಮೆನುವಿನಲ್ಲಿ ಓಪನ್‌ಟೈಪ್ ತೆಗೆಯಿರಿ. ಕೆಲವು ಹೆಸರು ಚೌಕ ಆವರಣದೊಳಗೆ ಕಾಣುತ್ತವೆ. ಆವರಣದೊಳಗಿದ್ದರೆ ಆ ಸೌಲಭ್ಯ ಈ ಫಾಂಟಿನಲ್ಲಿ ಇಲ್ಲ ಅಂತ ಅರ್ಥ. ರೊಕ್ಕ ಕೊಟ್ಟು ಫಾಂಟ್ ತಗೊಳ್ಳೋ ಮುಂಚೆ ಯಾರ ಹತ್ತಿರವಾದರೂ ಇದೊಂದು ನೋಡಿಕೊಂಡರೆ ಎಷ್ಟೋ ತಾಪತ್ರಯ ತಪ್ಪುತ್ತದೆ. ಅದೇ ಮೆನುವಿನಲ್ಲಿ ಸ್ಟೈಲಿಸ್ಟಿಕ್ ಸೆಟ್ಸ್ ಅಂತ ಇದೆ. 1ರಿಂದ 20ರವರೆಗೆ ಇರಬಹುದು. ಒಂದೊಂದೇ ಒತ್ತಿ ನೋಡಿ, ಬಾಲ ಯಾವುದರಲ್ಲಿದೆ ಅಂತ ಗೊತ್ತಾಗುತ್ತದೆ.

ಗೊತ್ತಾದ ಮೇಲೆ ಒಂದು ಕ್ಯಾರೆಕ್ಟರ್ ಸ್ಟೈಲ್ (ಆರಿಸಿದ ಅಕ್ಷರಗಳಿಗೆ ಮಾತ್ರ ಹಾಕುವ ಸ್ಟೈಲ್) ಮಾಡಿ. ಹೆಸರು ‘ಬಾಲ’ ಅಂತಲೇ ಇಡಿ. ಅದರ ಓಪನ್‌ಟೈಪ್ ಭಾಗದಲ್ಲಿ ಆ ಸೆಟ್ ಒಂದನ್ನು ಮಾತ್ರ ಆನ್ ಮಾಡಿ. ಫಾಂಟ್, ಅಳತೆ, ಬಣ್ಣ ಯಾವುದನ್ನೂ ಮುಟ್ಟಬೇಡಿ, ಖಾಲಿ ಬಿಡಿ. ಹಾಗಾದರೆ ನಾಳೆ ಪದದ ಹೆಸರಿನ ಫಾಂಟ್ ಬದಲಿಸಿದರೂ ‘ಬಾಲ’ ಅನ್ನೋ ಬೇಡಿಕೆ ಅಲ್ಲೇ ಇರುತ್ತದೆ. ಹೊಸ ಫಾಂಟಿನಲ್ಲಿ ಆ ಸೆಟ್ ಇಲ್ಲದಿದ್ದರೆ ಸಾದಾ ಅಕ್ಷರ ಬರುತ್ತದೆ. ಹಳೆಯದಕ್ಕೆ ಮರಳಿದರೆ ಬಾಲವೂ ಮರಳುತ್ತದೆ. ಒಂದು ಎಚ್ಚರ: ಸೆಟ್ಟಿನ ಸಂಖ್ಯೆ ಒಂದೊಂದು ಫಾಂಟಿಗೆ ಒಂದೊಂದು ಥರ. ಇದರಲ್ಲಿ ಒಂದನೇ ಸೆಟ್ ಬಾಲ ಆದರೆ ಅದರಲ್ಲಿ ಒಂದನೇ ಸೆಟ್ ಅಂಕಿಯ ರೂಪ ಇರಬಹುದು.

74 ಹೆಸರಿಗೆ ಕೈಯಿಂದ ಸ್ಟೈಲ್ ಹಾಕೋದೂ ಬೇಕಿಲ್ಲ. ‘ಪದದ ಹೆಸರು’ ಅನ್ನೋ ಪ್ಯಾರಾಗ್ರಾಫ್ ಸ್ಟೈಲ್ ಒಳಗೆ ಗ್ರೆಪ್ ಸ್ಟೈಲ್ ಅಂತ ಒಂದು ಭಾಗ ಇದೆ, ನಾವು ಕೊಟ್ಟ ಮಾದರಿಗೆ ಹೊಂದುವ ಪಠ್ಯ ಹುಡುಕಿ ತಾನೇ ಸ್ಟೈಲ್ ಹಾಕುತ್ತದೆ. ಅಲ್ಲಿ ‘ಬಾಲ’ ಸ್ಟೈಲ್ ಆರಿಸಿ, ಹುಡುಕುವ ಜಾಗದಲ್ಲಿ ಇದನ್ನು ಬರೆಯಿರಿ:

(ಳು|ರು)$

ಡಾಲರ್ ಗುರುತು ಅಂದರೆ ಪ್ಯಾರಾದ ಕೊನೆ. ಹೆಸರಿನ ಕೊನೆಗೆ ಳು, ರು ಬಂದ ಕಡೆಯೆಲ್ಲ ಬಾಲ ತಾನಾಗಿ ಬೀಳುತ್ತದೆ. ನಡುವೆ ಬಂದರೆ ಬೀಳಲ್ಲ.

ಜಗತ್ ಸರ್ಕಲ್ ಡಿಟಿಪಿ, ಕಲಬುರಗಿ

ಆಳಂದ ಅಕ್ಷರ ಅವರೇ, ಕೈ ಮುಗಿದೆ. ಓದುತ್ತಾ ಓದುತ್ತಾ ಮಾಡಿದೆ. ಕಂಪೋಸರ್ ಸರಿಯಾಗಿಯೇ ಇತ್ತು. ನನ್ನ ಫಾಂಟಿನಲ್ಲಿ ಬಾಲ ಮೂರನೇ ಸೆಟ್ಟಿನಲ್ಲಿದೆ.

ಒಂದು ಸಂಶಯ. ಕೊನೆಯ ಅಕ್ಷರ ಯಾವುದೇ ಇರಲಿ ಅದಕ್ಕೆ ಸ್ಟೈಲ್ ಬೀಳಲಿ ಅಂತ ನಾನೇ ಸ್ವಲ್ಪ ಜಾಣತನ ಮಾಡಿ .$ ಅಂತ ಹಾಕಿ ನೋಡಿದೆ. ಚುಕ್ಕಿ ಅಂದರೆ ಯಾವುದಾದರೂ ಒಂದು ಅಕ್ಷರ ಅಂತ ಎಲ್ಲೋ ಓದಿದ್ದೆ. ಮತ್ತೆ ಅದೇ ಚುಕ್ಕಿ ಸೊನ್ನೆ, ಅದರ ಮೇಲೆ ಕೊಂಬು. ಯಾಕೆ?

ಆಳಂದ ಅಕ್ಷರ

ಯಾಕಂದರೆ ನಮಗೆ ಒಂದು ಅಕ್ಷರ, ಕಂಪ್ಯೂಟರ್‌ಗೆ ಎರಡು. ಳು ಅಂದರೆ ಳ ಮತ್ತು ಕೊಂಬು. ಚುಕ್ಕಿ ಹಿಡಿದದ್ದು ಕೊನೆಯ ಒಂದನ್ನು, ಅಂದರೆ ಕೊಂಬನ್ನು ಮಾತ್ರ. ಕೊಂಬಿಗೆ ಒಂದು ಸ್ಟೈಲ್, ಳಗೆ ಇನ್ನೊಂದು ಸ್ಟೈಲ್ ಆದಾಗ ಅವೆರಡೂ ಬೇರೆ ಬೇರೆ ತುಂಡಾಗುತ್ತವೆ. ತುಂಡಾದ ಕೊಂಬಿಗೆ ಹಿಡಿದುಕೊಳ್ಳಲು ಅಕ್ಷರವಿಲ್ಲ, ಅದಕ್ಕೇ ಆ ಚುಕ್ಕಿ ಸೊನ್ನೆ.

‘ಸ್ತ್ರೀ’ ತಗೊಳ್ಳಿ. ಬಾಯಲ್ಲಿ ಒಂದೇ ಉಸಿರು. ಒಳಗೆ ಸ, ಹಲಂತ, ತ, ಹಲಂತ, ರ, ದೀರ್ಘದ ಗುಡಿಸು, ಒಟ್ಟು ಆರು. ಸ್ಟೈಲ್ ಹಾಕುವಾಗ ಆರೂ ಒಳಗಿರಬೇಕು, ಇಲ್ಲ ಆರೂ ಹೊರಗಿರಬೇಕು. ನಡುವೆ ಕತ್ತರಿ ಆಡಿಸಿದರೆ ಒತ್ತು ಬಿಡಿಯಾಗಿ ಬೀಳುತ್ತದೆ. ಕನ್ನಡಕ್ಕೆ ಈ ಒಂದು ಮಾತು ಗೋಡೆಗೆ ಬರೆದು ಹಚ್ಚಿಕೊಳ್ಳಬೇಕು. ಇಂಗ್ಲಿಷ್ ಹೇಳಿಕೊಡುವ ವಿಡಿಯೋಗಳಲ್ಲಿ ಇದು ಬರೋದೇ ಇಲ್ಲ. ಅಲ್ಲಿ ಒಂದು ಅಕ್ಷರ ಅಂದರೆ ಒಂದೇ.

ಯಾದಗಿರಿ ಫ್ಲೆಕ್ಸ್

ನಾನು ಕೋರೆಲ್‌ಡ್ರಾದವನು. ನಮ್ಮ ಕಡೆ ಲಗ್ನಪತ್ರಿಕೆ, ಬ್ಯಾನರ್ ಎಲ್ಲ ಅದರಲ್ಲೇ. 2012ರಲ್ಲಿ ಬಂದ ಎಕ್ಸ್6ನಿಂದ ಓಪನ್‌ಟೈಪ್ ರೂಪಗಳು ಸಿಗುತ್ತವೆ. ಅಕ್ಷರ ಸೆಲೆಕ್ಟ್ ಮಾಡಿದರೆ ಕೆಳಗೆ ಒಂದು ಸಣ್ಣ ಬಾಣ ಬರುತ್ತದೆ, ಒತ್ತಿದರೆ ಬದಲಿ ರೂಪಗಳ ಸಾಲು. ಅದಕ್ಕಿಂತ ಹಳೆಯ ಆವೃತ್ತಿ ಇಟ್ಟುಕೊಂಡವರು ಯುನಿಕೋಡ್ ಕನ್ನಡಕ್ಕೆ ಕಷ್ಟಪಡೋದು ಬಿಟ್ಟು ಬದಲಿಸಿಕೊಳ್ಳೋದು ಒಳ್ಳೆಯದು.

ನನ್ನ ಅನುಭವ ಒಂದು ಹೇಳುತ್ತೇನೆ, ಯಾರಿಗಾದರೂ ಉಪಯೋಗ ಆಗಲಿ. ಒಂದು ಜಾತ್ರೆಯ ಬ್ಯಾನರ್. ದೇವರ ಹೆಸರನ್ನು ಬಾಲ, ಬಳ್ಳಿ ಎಲ್ಲ ಇರುವ ರೂಪದಲ್ಲಿ ಚಂದ ಮಾಡಿದ್ದೆ. ಪ್ರಿಂಟಿನವರ ಹತ್ತಿರ ಆ ಫಾಂಟ್ ಇರಲ್ಲ ಅಂತ ಕರ್ವ್ಸ್‌ಗೆ ಬದಲಿಸಿ ಕಳಿಸಿದೆ. ಮೂಲ ಫೈಲನ್ನೂ ಅದರ ಮೇಲೆಯೇ ಸೇವ್ ಮಾಡಿಬಿಟ್ಟಿದ್ದೆ. ರಾತ್ರಿ 11ಕ್ಕೆ ಫೋನ್. ಊರ ಹೆಸರಿನಲ್ಲಿ ಒಂದು ಒತ್ತು ತಪ್ಪಿದೆ. ಕರ್ವ್ಸ್ ಆದ ಮೇಲೆ ಅದು ಅಕ್ಷರವಲ್ಲ, ಗೆರೆ. ತಿದ್ದಲು ಏನೂ ಉಳಿದಿರಲಿಲ್ಲ. ಮೊದಲಿನಿಂದ ಮತ್ತೆ ಕೂತೆ. ಅವತ್ತಿನಿಂದ ಎರಡು ಫೈಲ್ ಇಡುತ್ತೇನೆ. ಒಂದು ಅಕ್ಷರದ್ದು, ಒಂದು ಗೆರೆಯದ್ದು. ಅಕ್ಷರದ ಫೈಲನ್ನು ಯಾರಿಗೂ ಕಳಿಸಲ್ಲ, ಅಳಿಸೋದೂ ಇಲ್ಲ.

ಪುಸ್ತಕಕ್ಕೆ ಮಾತ್ರ ಕರ್ವ್ಸ್ ಮಾಡಲೇಬೇಡಿ. ಫಾಂಟ್ ಒಳಗೆ ಸೇರಿಸಿದ ಪಿಡಿಎಫ್ ಕೊಡಿ. ಇಲ್ಲದಿದ್ದರೆ ಇನ್‌ಡಿಸೈನ್‌ನ ಪ್ಯಾಕೇಜ್ ಮಾಡಿ ಫಾಂಟ್ ಸಮೇತ ಒಂದು ಫೋಲ್ಡರ್‌ನಲ್ಲಿ ಇಟ್ಟುಕೊಳ್ಳಿ. ಮರುಮುದ್ರಣದ ಹೊತ್ತಿಗೆ ಆ ಫಾಂಟ್ ಎಲ್ಲಿತ್ತು ಅಂತ ಯಾರಿಗೂ ನೆನಪಿರಲ್ಲ.

ಶಹಾಪುರ ಮಾಸ್ತರ್

ತಮ್ಮಾ, ನಿನ್ನ ಕೆಲಸ ದೊಡ್ಡದು. ಒಬ್ಬರ ಕೈಬರಹ ಪುಸ್ತಕ ಆಗುವಾಗ ಅವರ ಕೈಯ ಗುರುತು ಉಳಿಯಬೇಕು ಅನ್ನೋದು ನ್ಯಾಯವಾದ ಮಾತು. ಆದರೆ ಎರಡು ವಿಷಯ ಬೇರೆ ಬೇರೆ ಇಡು.

ಬಾಲ ಅಲಂಕಾರ. ಬಂದರೂ ‘ಳು’, ಬರದಿದ್ದರೂ ‘ಳು’. ಧರ‍್ಮ ಅಂತ ಬರೆಯೋದು ಅಲಂಕಾರ ಅಲ್ಲ, ಬರೆಯುವ ಕ್ರಮ. ಅವರು ರ ಕೇಳಿದ ಜಾಗದಲ್ಲಿ ರ ಬರೆದರು. ಮಕ್ಕಳಿಗೆ ಕಲಿಸುವಾಗ ನಾನು ಇದನ್ನು ದಿನಾ ಕಂಡಿದ್ದೇನೆ. ‘ಧರ್ಮ’ದಲ್ಲಿ ಮೊದಲು ನುಡಿಯೋದು ರ್, ಬರೆಯೋದು ಮಾತ್ರ ಮ ಆದ ಮೇಲೆ. ಒಂದನೇ ಎರಡನೇ ಇಯತ್ತೆಯ ಹುಡುಗರು ಅಲ್ಲೇ ಎಡವುತ್ತಾರೆ. ಆ ಹಿರಿಯರು ರ ಪೂರ್ತಿ ಬರೆದದ್ದು ಹಾಡುವವರ ಕಣ್ಣಿಗೆ ಅನುಕೂಲ ಆಗಲಿ ಅಂತಲೂ ಇರಬಹುದು. ಅದನ್ನು ಹಾಗೇ ಉಳಿಸು.

ಇನ್ನೊಂದು ಮಾತು. ೞ ಅಕ್ಷರವನ್ನು ಳದ ‘ಸ್ಟೈಲ್’ ಅಂತ ತಿಳಿದು ಬಳಸಿದ್ದನ್ನು ಒಂದು ದೊಡ್ಡ ಫ್ಲೆಕ್ಸ್‌ನಲ್ಲಿ ಕಂಡೆ. ಮನಸ್ಸಿಗೆ ಬೇಜಾರಾಯಿತು. ೞ, ಱ ಎರಡೂ ಹಳಗನ್ನಡದ ಬೇರೆಯೇ ಅಕ್ಷರಗಳು, ಬೇರೆ ಉಚ್ಚಾರ. ನಮ್ಮ ಮಳಖೇಡದಲ್ಲಿ ರಾಷ್ಟ್ರಕೂಟರು ಆಳುತ್ತಿದ್ದಾಗ ಕವಿರಾಜಮಾರ್ಗ ಹುಟ್ಟಿತಲ್ಲ, ಆ ಕಾಲದ ಕನ್ನಡಕ್ಕೆ ಇವು ಬೇಕೇ ಬೇಕು. ಯುನಿಕೋಡ್‌ನಲ್ಲಿ ಎರಡಕ್ಕೂ ಸ್ವಂತ ಸಂಖ್ಯೆ ಇದೆ. ಗ್ಲಿಫ್ಸ್ ಪ್ಯಾನೆಲ್‌ನಲ್ಲಿ ೞ ಮೇಲೆ ಬಾಣ ಇಟ್ಟರೆ ಅದರ ಇಂಗ್ಲಿಷ್ ಹೆಸರು ‘ಕನ್ನಡ ಲೆಟರ್ ಎಫ್ಎ’ ಅಂತ ಬಂದರೆ ಗಾಬರಿ ಬೇಡ. ಹೆಸರು ಕೊಡುವಾಗಲೇ ಆದ ತಪ್ಪು ಅದು. ಒಮ್ಮೆ ಕೊಟ್ಟ ಹೆಸರನ್ನು ಯುನಿಕೋಡ್ ಬದಲಿಸೋದಿಲ್ಲ, ಆದ್ದರಿಂದ ತಿದ್ದುಪಡಿಯ ಇನ್ನೊಂದು ಹೆಸರು ಪಕ್ಕದಲ್ಲಿ ಸೇರಿಸಿದ್ದಾರೆ. ಅಕ್ಷರ ಮಾತ್ರ ಸರಿಯಾದದ್ದೇ.

ಬೀದರ್ ಪ್ರೂಫ್

ಗುರುಗಳು ಹೇಳಿದ ‘ಅಲಂಕಾರ ಬೇರೆ, ಬರೆಯುವ ಕ್ರಮ ಬೇರೆ’ ಅನ್ನೋದು ಸಾಫ್ಟ್‌ವೇರ್ ಒಳಗೂ ಹಾಗೇ ಇದೆ ನೋಡಿ. ಬಾಲ ಇರೋದು ಫಾಂಟಿನಲ್ಲಿ. ಪೂರ್ತಿ ರ ಇರೋದು ಪಠ್ಯದಲ್ಲಿ. ಸ್ಟೈಲಿಸ್ಟಿಕ್ ಸೆಟ್ ಎಷ್ಟು ಹುಡುಕಿದರೂ ಧರ‍್ಮ ಬರಲ್ಲ, ಯಾಕಂದರೆ ಅರ್ಕಾವೊತ್ತು ಕನ್ನಡಕ್ಕೆ ತಾನಾಗಿ ಬೀಳುವ ನಿಯಮ. ಅದನ್ನು ತಡೆಯಲು ರ ಮತ್ತು ಹಲಂತದ ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಇಡಬೇಕು. ಅದರ ಹೆಸರು ಜೀರೋ ವಿಡ್ತ್ ಜಾಯ್ನರ್, ಸಂಖ್ಯೆ 200ಡಿ. ಕ್ರಮ ನೆನಪಿರಲಿ: ರ, ಜಾಯ್ನರ್, ಹಲಂತ, ಮ. ಜಾಯ್ನರನ್ನು ಹಲಂತ ಆದ ಮೇಲೆ ಇಟ್ಟರೆ ಇದು ಬರಲ್ಲ. ಬಹಳ ಜನ ಎಡವೋದು ಅಲ್ಲೇ.

ಇದರ ಅಣ್ಣತಮ್ಮ ಇನ್ನೊಂದು ಇದೆ, ನಾನ್‌ಜಾಯ್ನರ್, 200ಸಿ. ‘ಇನ್‌ಡಿಸೈನ್’ ಅಂತ ಬರೆಯುವಾಗ ನ್ ಕೆಳಗೆ ಡ ಒತ್ತು ಬೀಳದ ಹಾಗೆ ತಡೆಯೋದು ಅದು. ಅದರ ಜಾಗ ಹಲಂತ ಆದ ಮೇಲೆ.

ಇಡೀ ಪುಸ್ತಕದಲ್ಲಿ ಒಂದೇ ಸಲ ಬದಲಿಸಬೇಕಾದರೆ ಫೈಂಡ್-ಚೇಂಜ್‌ನ ಗ್ರೆಪ್ ಭಾಗದಲ್ಲಿ ಹೀಗೆ ಹುಡುಕಿ:

ರ್(?=[ಕ-ಹ])

ಅಂದರೆ, ಮುಂದೆ ಒಂದು ವ್ಯಂಜನ ಇರುವ ರ್ ಮಾತ್ರ. ಪದದ ಕೊನೆಗೆ ಬರುವ ರ್ ಮುಟ್ಟಬಾರದು, ಅಲ್ಲಿ ಅರ್ಕಾವೊತ್ತಿನ ಪ್ರಶ್ನೆಯೇ ಇಲ್ಲ. ಬದಲಿಸುವ ಜಾಗಕ್ಕೆ ಜಾಯ್ನರ್ ಸೇರಿಸಿದ ರ‍್ ಅನ್ನು ಕಾಪಿ ಮಾಡಿ ಅಂಟಿಸಿ. ‘ಚೇಂಜ್ ಆಲ್’ ಒತ್ತುವ ಮುಂಚೆ ಹತ್ತು ಕಡೆ ಒಂದೊಂದೇ ಬದಲಿಸಿ ನೋಡಿ.

ಆದರೆ ಗುರುಗಳೇ, ಒಂದು ಭಿನ್ನಾಭಿಪ್ರಾಯ ಹೇಳಲೇಬೇಕು. ಜಾಯ್ನರ್ ಪಠ್ಯದೊಳಗೆ ಕೂರುತ್ತದೆ. ನಾಳೆ ಯಾರಾದರೂ ‘ಧರ್ಮ’ ಅಂತ ಹುಡುಕಿದರೆ ಧರ‍್ಮ ಸಿಗದೇ ಹೋಗಬಹುದು. ಕಣ್ಣಿಗೆ ಎರಡೂ ಒಂದೇ ಪದ, ಯಂತ್ರಕ್ಕೆ ಎರಡು ಪದ. ತತ್ವಪದದ ಮೊದಲ ಸಾಲಿನ ಅಕಾರಾದಿ ಮಾಡಿದಾಗಲೂ ಅದು ಹೆಚ್ಚುಕಮ್ಮಿ ಆಗಬಹುದು. ನಾನಾದರೆ ಪದಗಳ ಒಡಲಿನಲ್ಲಿ ಈಗಿನ ಕ್ರಮವನ್ನೇ ಇಟ್ಟು, ಹೆಸರಿನಲ್ಲಿ ಮಾತ್ರ ಅವರ ಕ್ರಮ ಇಡುತ್ತಿದ್ದೆ.

ಶಹಾಪುರ ಮಾಸ್ತರ್

ನಿಮ್ಮ ಚಿಂತೆ ಅರ್ಥವಾಯಿತು. ಆದರೂ ನನ್ನ ಮನಸ್ಸು ಒಪ್ಪೋದಿಲ್ಲ. ಹುಡುಕುವವನಿಗೆ ಅನುಕೂಲ ಆಗಲಿ ಅಂತ ಬರೆದವರ ಕೈ ಬದಲಿಸೋದು ಯಾಕೆ? ಪುಸ್ತಕ ಹಾಡುವವರಿಗಾಗಿ ಆಗುತ್ತಿರೋದು. ಹಾಡುವವರು ಪುಟ ತಿರುವುತ್ತಾರೆ, ಹುಡುಕುವ ಡಬ್ಬಿಯಲ್ಲಿ ಟೈಪ್ ಮಾಡೋದಿಲ್ಲ. ಎರಡೂ ಬೇಕಾದರೆ ಎರಡು ಪ್ರತಿ ಇಡಬಹುದಲ್ಲ?

ಆಳಂದ ಅಕ್ಷರ

ಇಡಬಹುದು, ಕಷ್ಟವೇ ಇಲ್ಲ. ಅಚ್ಚಿಗೆ ಹೋಗುವ ಫೈಲಿನಲ್ಲಿ ಜಾಯ್ನರ್ ಇರಲಿ. ಅಂತರ್ಜಾಲಕ್ಕೆ ಹಾಕುವ ಪ್ರತಿಯಲ್ಲಿ 200ಡಿ ಹುಡುಕಿ, ಬದಲಿಸುವ ಜಾಗ ಖಾಲಿ ಬಿಟ್ಟು ತೆಗೆಯಿರಿ. ಎಲ್ಲ ಧರ್ಮ ಆಗುತ್ತದೆ. 200ಸಿ ತೆಗೆಯಬೇಡಿ ಮತ್ತೆ, ಅದು ಹೋದರೆ ಬೇಡದ ಕಡೆ ಒತ್ತು ಬೀಳುತ್ತದೆ. ಪಿಡಿಎಫ್‌ನಿಂದ ಪಠ್ಯ ಕಾಪಿ ಮಾಡುತ್ತೇನೆ ಅನ್ನೋ ಯೋಚನೆ ಮಾತ್ರ ಬೇಡ. ಕನ್ನಡ ಅಲ್ಲಿಂದ ಒಡೆದು ಬರೋದೇ ಜಾಸ್ತಿ. ಇನ್‌ಡಿಸೈನ್ ಫೈಲಿನಿಂದಲೇ ಪಠ್ಯ ಎಕ್ಸ್‌ಪೋರ್ಟ್ ಮಾಡಿ. ಬಾಲಗಳು ಅಲ್ಲಿ ತಾನಾಗಿ ಬಿದ್ದುಹೋಗುತ್ತವೆ, ಯಾಕಂದರೆ ಅವು ಸ್ಟೈಲ್‌ನಲ್ಲಿದ್ದವು, ಪಠ್ಯದಲ್ಲಿ ಇರಲೇ ಇಲ್ಲ.

ಬಸವಕಲ್ಯಾಣ ಪ್ರೆಸ್

ಚರ್ಚೆ ಚೆನ್ನಾಗಿದೆ. ಗಡಿ ಭಾಗದವರಿಗೆ ಕೆಲಸಕ್ಕೆ ಬರುವ ಒಂದು ವಿಷಯ ನನ್ನದೂ ಸೇರಲಿ. ನಮ್ಮ ಕಡೆ ಲಗ್ನಪತ್ರಿಕೆ ಒಂದು ಮಗ್ಗುಲು ಕನ್ನಡ, ಒಂದು ಮಗ್ಗುಲು ಮರಾಠಿ. ಮರಾಠಿ ಓದುವ ಹಿರಿಯರು ಪ್ರೂಫ್ ನೋಡಿ ‘ಇದು ಹಿಂದಿ ಅಕ್ಷರ, ನಮ್ಮದಲ್ಲ’ ಅನ್ನುತ್ತಿದ್ದರು. ಬಹಳ ದಿನ ನನಗೆ ತಿಳಿಯಲೇ ಇಲ್ಲ, ದೇವನಾಗರಿ ಎಲ್ಲ ಒಂದೇ ಅಲ್ವಾ ಅಂತ.

ಒಂದೇ ಅಲ್ಲ. ಮುಖ್ಯವಾಗಿ ಲ ಮತ್ತು ಶ. ಹಿಂದಿಯ ಲಕ್ಕೆ ಬಲಗಡೆ ಮೇಲಿನಿಂದ ಕೆಳ ತನಕ ಒಂದು ಕಂಬ ನಿಂತಿರುತ್ತದೆ. ಮರಾಠಿಯ ಲದಲ್ಲಿ ಎರಡು ಸುರುಳಿ ಎರಡು ಕಡೆ, ನಡುವೆ ಮೇಲಿನ ಗೆರೆಯಿಂದ ಸಣ್ಣ ಕಡ್ಡಿ ಇಳಿದಿರುತ್ತದೆ. ಯುನಿಕೋಡ್‌ನಲ್ಲಿ ಎರಡಕ್ಕೂ ಒಂದೇ ಸಂಖ್ಯೆ. ಮರಾಠಿ ರೂಪ ಇರುವ ಫಾಂಟ್ ಆದರೆ, ಪಠ್ಯದ ಭಾಷೆ ಮರಾಠಿ ಅಂತ ಹೇಳಿದ ಕೂಡಲೇ ರೂಪ ತಾನಾಗಿ ಬದಲಾಗುತ್ತದೆ. ಗ್ಲಿಫ್ ಹುಡುಕುವ ಕೆಲಸವೇ ಇಲ್ಲ. ಇನ್‌ಡಿಸೈನ್‌ನ ಕ್ಯಾರೆಕ್ಟರ್ ಪ್ಯಾನೆಲ್‌ನಲ್ಲಿ ಭಾಷೆಯ ಪಟ್ಟಿ ಇದೆ. ನಾವು ಯಾರೂ ಅದನ್ನು ಮುಟ್ಟೋದಿಲ್ಲ, ಇಂಗ್ಲಿಷ್ ಅಂತಲೇ ಬಿದ್ದಿರುತ್ತದೆ. ಮರಾಠಿಗೆ ಒಂದು ಪ್ಯಾರಾಗ್ರಾಫ್ ಸ್ಟೈಲ್ ಮಾಡಿ ಅದರಲ್ಲಿ ಭಾಷೆ ಮರಾಠಿ ಇಟ್ಟೆ. ಆಮೇಲೆ ಆ ದೂರು ಬಂದಿಲ್ಲ.

ಉರ್ದುವಿನಲ್ಲೂ ಇಂಥದ್ದೇ ಇದೆ. ಪಾರ್ಸಿಗೂ ಉರ್ದುಗೂ ಅಂಕಿಗಳ ಯುನಿಕೋಡ್ ಸಂಖ್ಯೆ ಒಂದೇ, ಆದರೆ 4, 6, 7 ಬರೆಯುವ ರೂಪ ಬೇರೆ. ಕಲಬುರಗಿಯ ಕಾರ್ಡಿನಲ್ಲಿ ಮದುವೆಯ ತಾರೀಖು ಪಾರ್ಸಿ ರೂಪದಲ್ಲಿ ಬಂದರೆ ಓದುವವರು ಒಂದು ಕ್ಷಣ ನಿಲ್ಲುತ್ತಾರೆ. ತಾರೀಖಿನ ಮೇಲೆ ಯಾರೂ ಹಾಗೆ ನಿಲ್ಲಬಾರದು. ಉರ್ದು ಮಗ್ಗುಲನ್ನು ನಾನು ಉರ್ದು ಪುಟ ಕಟ್ಟುವ ಸಾಫ್ಟ್‌ವೇರ್ ಆದ ಇನ್‌ಪೇಜ್ ಬಲ್ಲವರ ಕೈಯಲ್ಲೇ ಮಾಡಿಸುತ್ತೇನೆ.

ಸೇಡಂ ಹುಡುಗಿ

ನಾನು ಕಾಲೇಜಿನಲ್ಲಿ ಓದುತ್ತಿದ್ದೇನೆ. ನಮ್ಮ ಕೈಬರಹ ಪತ್ರಿಕೆಯನ್ನು ಅಚ್ಚಿಗೆ ತರಬೇಕು ಅಂತಿದ್ದೇವೆ. ಇನ್‌ಡಿಸೈನ್‌ಗೆ ತಿಂಗಳು ತಿಂಗಳು ರೊಕ್ಕ ಕಟ್ಟಲು ಆಗಲ್ಲ. ಪುಕ್ಕಟೆ ಸಾಫ್ಟ್‌ವೇರ್‌ನಲ್ಲಿ ಈ ಬದಲಿ ರೂಪ ಸಿಗುತ್ತವಾ?

ಆಳಂದ ಅಕ್ಷರ

ಸಿಗುತ್ತವೆ ತಂಗಿ. ಸ್ಕ್ರೈಬಸ್ ಹಾಕಿಕೋ. ಮೊದಲು ಅದರಲ್ಲಿ ಕನ್ನಡ ಸರಿ ಬರುತ್ತಿರಲಿಲ್ಲ, 1.5ರ ಸಾಲಿನ ಆವೃತ್ತಿಗಳಲ್ಲಿ ಸರಿಯಾಯಿತು. 2024ರ ಜನವರಿಯಲ್ಲಿ 1.6 ಬಂದಿದೆ, ಅದನ್ನೇ ತಗೋ. ಪಠ್ಯದ ಗುಣಗಳ ಪ್ಯಾನೆಲ್‌ನಲ್ಲಿ ಫಾಂಟ್ ಫೀಚರ್ಸ್ ಅಂತ ಇರುತ್ತದೆ.

ಸುಮ್ನೆ ನಾಲ್ಕೆಂಟು ಪುಟದ ಪತ್ರಿಕೆ ಆದರೆ ಲಿಬ್ರೆಆಫೀಸ್ ರೈಟರ್ ಸಾಕು. ಫಾಂಟ್ ಆರಿಸುವ ಕಿಟಕಿಯಲ್ಲಿ ‘ಫೀಚರ್ಸ್’ ಗುಂಡಿ ಇದೆ, 2019ರ 6.2ರಿಂದ. ಒತ್ತಿದರೆ ಆ ಫಾಂಟಿನಲ್ಲಿ ಏನೇನಿದೆ ಅಂತ ಪಟ್ಟಿ ಬರುತ್ತದೆ, ಬೇಕಾದದ್ದಕ್ಕೆ ಟಿಕ್ ಹಾಕು. ಇದನ್ನೂ ಪಠ್ಯದ ಮೇಲೆ ನೇರ ಹಾಕಬೇಡ, ಸ್ಟೈಲ್‌ನಲ್ಲಿ ಹಾಕು. ವರ್ಡ್ ಇದ್ದರೆ ಅದರಲ್ಲೂ 2010ರಿಂದ ಸ್ಟೈಲಿಸ್ಟಿಕ್ ಸೆಟ್ ಇದೆ, ಫಾಂಟ್ ಕಿಟಕಿಯ ಅಡ್ವಾನ್ಸ್ಡ್ ಭಾಗದಲ್ಲಿ.

ಫಾಂಟಿನಲ್ಲೇ ಬೇಕಾದ ರೂಪ ಇಲ್ಲದಿದ್ದರೆ ಸಾಫ್ಟ್‌ವೇರ್ ಏನೂ ಮಾಡಲಾಗದು. ಆದರೆ ನಿಮ್ಮಲ್ಲಿ ಯಾರಿಗಾದರೂ ಅಕ್ಷರ ಬಿಡಿಸುವ ಹುಚ್ಚಿದ್ದರೆ, ನೋಟೊ ಸೆರಿಫ್ ಕನ್ನಡದಂಥ ಮುಕ್ತ ಫಾಂಟನ್ನು, ಫಾಂಟ್ ತಿದ್ದುವ ಫಾಂಟ್‌ಫೋರ್ಜ್‌ನಲ್ಲಿ ತೆಗೆದು ಒಂದು ಬದಲಿ ‘ಳ’ ಸೇರಿಸಬಹುದು. ಅದರ ಓಪನ್ ಫಾಂಟ್ ಲೈಸೆನ್ಸ್ ಇದಕ್ಕೆ ಒಪ್ಪುತ್ತದೆ. ಬೇರೆಯವರಿಗೆ ಕೊಡುವಾಗ ಅದೇ ಲೈಸೆನ್ಸ್‌ನಲ್ಲಿ ಕೊಡಬೇಕು. ಮೂಲದ ಜೊತೆ ಬೆರೆಯದ ಹಾಗೆ ಹೆಸರನ್ನೂ ಬೇರೆ ಇಡು. ರೊಕ್ಕ ಕೊಟ್ಟು ತಗೊಂಡ ಫಾಂಟಿಗೆ ಹೀಗೆ ಕೈ ಹಾಕಬೇಡ, ಅದರ ಕರಾರು ಓದಿ ನೋಡು.

ಯಾದಗಿರಿ ಫ್ಲೆಕ್ಸ್

ಬಾಲದ ಬಗ್ಗೆ ಒಂದು ಮರೆತಿದ್ದೆ. ಬಾಲ ಕೆಳಗಿನ ಸಾಲಿಗೆ ತಾಗುತ್ತದಾ ನೋಡಿಕೊಳ್ಳಿ. ಕನ್ನಡದಲ್ಲಿ ಮೇಲಿನ ಸಾಲಿನಿಂದ ಒತ್ತು ಇಳಿಯುತ್ತದೆ, ಕೆಳಗಿನ ಸಾಲಿನಿಂದ ಗುಡಿಸು ಏಳುತ್ತದೆ. ನಡುವಿನ ಜಾಗ ಮೊದಲೇ ಕಮ್ಮಿ. ಅಲ್ಲಿ ಬಾಲವೂ ನುಗ್ಗಿದರೆ ‘ಳು’ವಿನ ಬಾಲ ಯಾವುದು, ಕೆಳಗಿನ ‘ಕೀ’ಯ ಗುಡಿಸು ಯಾವುದು ಗೊತ್ತಾಗಲ್ಲ. ಹೆಸರು ಎರಡು ಸಾಲಾದರೆ ಕೊನೆಯ ಸಾಲಿಗೆ ಮಾತ್ರ ಬಾಲ ಇರಲಿ. ಹೆಸರಿಗೂ ಪದದ ಮೊದಲ ಸಾಲಿಗೂ ನಡುವೆ ಜಾಗ ಧಾರಾಳ ಬಿಡಿ.

ಜಗತ್ ಸರ್ಕಲ್ ಡಿಟಿಪಿ, ಕಲಬುರಗಿ

ಎಲ್ಲರಿಗೂ ವರದಿ ಒಪ್ಪಿಸಲು ಬಂದೆ. ಇವತ್ತು ಪುಸ್ತಕ ಮುಗಿಯಿತು. 16 ಪುಟದ ಆರು ಫಾರಂ.

ಮೊದಲು ಮಾಡಿದ ಕೆಲಸ, ಕೈಯಿಂದ ಕೂರಿಸಿದ್ದ ರೂಪಗಳನ್ನೆಲ್ಲ ತೆಗೆದೆ. ಗುಲಾಬಿ ಡಬ್ಬಿ ಇದ್ದ ಕಡೆ ನೋಟ್‌ಬುಕ್ ನೋಡಿ ‘ಳು’ ಮತ್ತೆ ಟೈಪ್ ಮಾಡಿದೆ. ಆಮೇಲೆ ‘ಬಾಲ’ ಸ್ಟೈಲ್, ಗ್ರೆಪ್ ಸಾಲು. ಎರಡು ದಿನ ಹಿಡಿದ ಕೆಲಸ ಚಹಾ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಆಯಿತು. ದಪ್ಪ ತೂಕದಲ್ಲಿ ಬಾಲ ಇಲ್ಲ ಅಂತ ಮಂಡಳಿಯವರಿಗೆ ಎರಡನ್ನೂ ಪಕ್ಕಪಕ್ಕ ಪ್ರಿಂಟ್ ತೆಗೆದು ತೋರಿಸಿದೆ. ತೆಳುವೇ ಇರಲಿ, ಅಳತೆ ಸ್ವಲ್ಪ ಹೆಚ್ಚಿಸಿ ಅಂದರು. 18 ಪಾಯಿಂಟ್ ಇದ್ದದ್ದನ್ನು 22 ಮಾಡಿದೆ, ಕೆಳಗೆ ಜಾಗ ಬಿಟ್ಟೆ.

ಧರ‍್ಮದ ವಿಷಯದಲ್ಲಿ ಮಾಸ್ತರ್ ಮಾತು ನಡೆಸಿದೆ. ಅಚ್ಚಿನ ಪ್ರತಿಯಲ್ಲಿ ಎಲ್ಲ ಕಡೆ ಆ ಹಿರಿಯರು ಬರೆದ ಹಾಗೆ. ಬೀದರ್ ಅಣ್ಣನ ಮಾತಿಗೆ ಜಾಯ್ನರ್ ಇಲ್ಲದ ಇನ್ನೊಂದು ಪ್ರತಿ ಮಾಡಿ ಹಿರಿಯರ ಮಗನ ಪೆನ್‌ಡ್ರೈವ್‌ಗೆ ಹಾಕಿಕೊಟ್ಟೆ. ಅಕಾರಾದಿಯನ್ನು ಆ ಪ್ರತಿಯಿಂದಲೇ ತೆಗೆದೆ, ಕ್ರಮ ಸರಿ ಬಂತು.

ಸಂಜೆ ಮಗ ಅಂಗಡಿಗೆ ಬಂದು ಪ್ರೂಫ್ ನೋಡಿದರು. ಒಂದೊಂದು ಪುಟವೂ ನೋಟ್‌ಬುಕ್ ಪಕ್ಕ ಇಟ್ಟುಕೊಂಡೇ ನೋಡಿದರು. 61ನೇ ಪುಟಕ್ಕೆ ಬಂದು ಬೆರಳಿಟ್ಟು ‘ಇದಕ್ಕ ಬಾಲ ಬ್ಯಾಡ್ರಿ ಅಣ್ಣಾ’ ಅಂದರು. ನೋಟ್‌ಬುಕ್ ತಿರುವಿದೆ. ನಿಜ. ಳು, ರು ಬಂದ ಉಳಿದೆಲ್ಲ ಹೆಸರಿಗೂ ಬಾಲ ಎಳೆದವರು ಆ ಒಂದು ಪದಕ್ಕೆ ಎಳೆದಿಲ್ಲ. ಅವರು ಬರೆದ ಕೊನೆಯ ಪದವಂತೆ ಅದು, ಕೈ ನಡುಗುತ್ತಿತ್ತಂತೆ. ಗ್ರೆಪ್ ಸಾಲು ಇಲ್ಲದ ಇನ್ನೊಂದು ಪ್ಯಾರಾಗ್ರಾಫ್ ಸ್ಟೈಲ್ ಮಾಡಿ ಅದಕ್ಕೆ ಹಾಕಿದೆ. ನಾಳೆ ಬೆಳಿಗ್ಗೆ ಅಚ್ಚಿನ ಪ್ಲೇಟಿಗೆ ಹೋಗುತ್ತದೆ.